ಗಾಬ್ಲಿನ್‌ಗೆ ಏನು ಬೇಕು? ಮೆಟ್ಟಿಲುಬಾವಿ ಡಂಜನ್, ಎರಡನೇ ಹಂತದ ಕೆಲಸ

ಮೆಟ್ಟಿಲುಬಾವಿ ನಾನು ನಮ್ಮ ಆಟಕ್ಕಾಗಿ ಕಟ್ಟುತ್ತಿರುವ ಡಂಜನ್, ಅಂದರೆ ಅಪಾಯ, ನಿಧಿ ತುಂಬಿದ ನೆಲದಡಿಯ ತಾಣ. ಅದರ ಎರಡನೇ ಹಂತ, ಅಂದರೆ ಎರಡನೇ ಅಂತಸ್ತು, ಒಂದು ರೂಪಕ್ಕೆ ಬಂತು. ನಕ್ಷೆ ಮುಗಿದಿದೆ, ಕೋಣೆಗಳಿಗೆ ನಂಬರ್ ಬಿದ್ದಿವೆ. ಜಾಸ್ತಿ ಹೊತ್ತು ಹಿಡಿದದ್ದು ಮಾನ್‌ಸ್ಟರ್ ಪಟ್ಟಿ. ಈ ಸಲ ಅದರ ಬಗ್ಗೆಯೇ ಬರೆಯುತ್ತೇನೆ.

ಹೊಸದಾಗಿ ಓದುತ್ತಿರುವವರಿಗೆ: ನಾವು ಗದಗಿನಲ್ಲಿ, ಗೆಳೆಯನ ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ, ಭಾನುವಾರ ಮಷಿನ್ ನಿಂತಿರುವಾಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. 1981ರಲ್ಲಿ ಟಾಮ್ ಮೋಲ್ಡ್‌ವೇ ಸಿದ್ಧಪಡಿಸಿದ ಬೇಸಿಕ್ ನಿಯಮಗಳು ನಮ್ಮವು. ಇದು ಮಾತು, ದಾಳಗಳಿಂದ ಆಡುವ ಕಥೆಯ ಆಟ: ಒಬ್ಬರು ಆಟ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿದು ಕೆಳಗಿಳಿಯುತ್ತಾರೆ. ನಡೆಸುವುದು ನಾನು. ಪ್ರೆಸ್ಸಿನ ಕಟಿಂಗ್ ಚೂರುಗಳೇ ನಮ್ಮ ಚೀಟಿ. ಮಾನ್‌ಸ್ಟರ್‌ಗೊಂದು ಚೀಟಿ.

ಲಕ್ಕುಂಡಿಯ ಮುಸುಕಿನ ಬಾವಿ ನೋಡಿದವರಿಗೆ ನಕ್ಷೆ ತಟ್ಟನೆ ಗುರುತು ಸಿಗುತ್ತದೆ. ಇಳಿಯುತ್ತಾ ಹೋಗುವ ಮೆಟ್ಟಿಲು, ಗೋಡೆಯಲ್ಲಿ ಪುಟ್ಟ ಗುಡಿಯಂಥ ಗೂಡುಗಳು. ನಮ್ಮ ಆಟದಲ್ಲಿ ನೀರಿನ ಮಟ್ಟಕ್ಕೆ ಒಂದು ಬಾಗಿಲಿದೆ, ಅಷ್ಟೇ ವ್ಯತ್ಯಾಸ.

ಈ ಹಂತದ ದೊಡ್ಡ ಬದಲಾವಣೆ ಎಂದರೆ ಎಲ್ಲ ಚೀಟಿಗಳಿಂದ ಅಲೈನ್‌ಮೆಂಟ್, ಅಂದರೆ ಯಾರು ಯಾವ ಪಕ್ಷ, ಎಂಥ ಗುಣ ಎನ್ನುವ ಗುರುತು, ಹೊಡೆದುಹಾಕಿದ್ದೇನೆ.

1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಈ ಆಟವನ್ನು ಹೊರತಂದಾಗ ಮೂರೇ ಮೂರು ಅಲೈನ್‌ಮೆಂಟ್ ಇದ್ದವು: ಲಾ (ಶಿಸ್ತು), ನ್ಯೂಟ್ರಲ್ (ತಟಸ್ಥ), ಕೇಯಾಸ್ (ಅರಾಜಕತೆ). ಆ ಪಟ್ಟಿ ನೋಡಿದರೆ ಯುದ್ಧಕ್ಕೆ ಯಾರು ಯಾವ ಕಡೆ ನಿಲ್ಲುತ್ತಾರೆ ಎಂಬ ಲೆಕ್ಕದ ಹಾಗಿದೆ. ಆರ್ಕ್ ಎಂಬ ಮಾನ್‌ಸ್ಟರ್‌ಗಳ ಹೆಸರು ಎರಡು ಕಡೆ ಬರುತ್ತದೆ, ನ್ಯೂಟ್ರಲ್‌ನಲ್ಲೂ ಕೇಯಾಸ್‌ನಲ್ಲೂ. ಆಮೇಲೆ ಗುಡ್, ಈವಿಲ್ ಸೇರಿಕೊಂಡವು. 1978ರ ಅಡ್ವಾನ್ಸ್ಡ್ ನಿಯಮಗಳ ಹೊತ್ತಿಗೆ ಒಂಬತ್ತು ಖಾನೆ ಆದವು. ಯಾವ ಪಕ್ಷ ಎನ್ನುವುದು ಹೋಗಿ ಎಂಥ ಗುಣ ಎನ್ನುವುದು ಬಂತು. ಮಾನ್‌ಸ್ಟರ್ ಹುಟ್ಟುವಾಗಲೇ ಗುಣದ ಮುದ್ರೆ ಒತ್ತಿಸಿಕೊಂಡು ಹುಟ್ಟತೊಡಗಿತು.

1977ರ ಮಾನ್‌ಸ್ಟರ್ ಪುಸ್ತಕದಲ್ಲಿ ನಮ್ಮ ರಾಕ್ಷಸರೂ ಇದ್ದಾರೆ. ಇಡೀ ಕುಲಕ್ಕೆ ಒಂದೇ ಮುದ್ರೆ: ಲಾಫುಲ್ ಈವಿಲ್, ಅಂದರೆ ಶಿಸ್ತಿನ ದುಷ್ಟರು. ಮಂತ್ರಿಸಿದ ಕ್ರಾಸ್‌ಬೋ ಬಾಣ ತಗುಲಿದರೆ ಸಾವು. ಇದನ್ನು ಓದಿದಾಗ ನನಗೆ ನಿಜಕ್ಕೂ ಕಸಿವಿಸಿಯಾಯಿತು. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಊರಿದು. ಹಿಡಿಂಬೆ ಭೀಮನನ್ನು ಮದುವೆಯಾದಳು. ಅವಳ ಮಗ ಘಟೋತ್ಕಚ ಪಾಂಡವರಿಗಾಗಿ ಸತ್ತ. ಅತ್ತ ಕೌರವರ ಕಡೆ ಕರ್ಣನಿದ್ದ. ಅವನನ್ನು ಈವಿಲ್ ಎಂದು ಬರೆದು ಮುಗಿಸಲು ಈ ಊರಿನಲ್ಲಿ ಯಾರ ಕೈ ಬರುತ್ತದೆ ಹೇಳಿ? ಪಕ್ಷ ಬೇರೆ, ಗುಣ ಬೇರೆ. ನಮಗೆ ಇದು ಕಥೆ ಕೇಳುತ್ತಲೇ ಗೊತ್ತಾದ ಸಂಗತಿ.

ಹಾಗಾಗಿ ಈಗ ಪ್ರತಿ ಚೀಟಿಯಲ್ಲಿ ಎರಡು ಸಾಲು. ಇದಕ್ಕೆ ಏನು ಬೇಕು? ಇದು ಯಾವುದಕ್ಕೆ ಹೆದರುತ್ತದೆ? ಅಲೈನ್‌ಮೆಂಟ್ ತೆಗೆದರೆ ಆಟ ಕುಂಟುತ್ತದೆ ಎಂಬ ಭಯ ಬೇಡ. ಉಚಿತವಾಗಿ ಸಿಗುವ ಬೇಸಿಕ್ ಫ್ಯಾಂಟಸಿ ನಿಯಮಗಳಲ್ಲಿ ಅದು ಇಲ್ಲವೇ ಇಲ್ಲ, ಆಟ ಚೆನ್ನಾಗಿಯೇ ನಡೆಯುತ್ತದೆ.

ನಿಜ ಹೇಳಬೇಕೆಂದರೆ ಹಳೆಯ ನಿಯಮದಲ್ಲೇ ಇದಕ್ಕೆ ದಾರಿ ಇತ್ತು. ಮಾನ್‌ಸ್ಟರ್ ಎದುರಾದಾಗ ಎರಡು ದಾಳ ಎಸೆದು ಅದರ ಮನಸ್ಸು ನೋಡಬೇಕು. 2 ಬಿದ್ದರೆ ಮಾತ್ರ ನೇರ ದಾಳಿ. 3ರಿಂದ 5 ಬಿದ್ದರೆ ಹಗೆ, ಮೈಮೇಲೆ ಬಂದರೂ ಬರಬಹುದು. 6ರಿಂದ 8 ಅಂದರೆ ಅನುಮಾನ. 9ರಿಂದ 11 ಅಂದರೆ ಜಗಳ ಇಲ್ಲ, ಹೊರಟುಹೋಗುತ್ತದೆ ಅಥವಾ ಮಾತಿಗೆ ಬರುತ್ತದೆ. 12 ಬಿದ್ದರೆ ಗೆಳೆತನ. ಲೆಕ್ಕ ಹಾಕಿ ನೋಡಿ: 2 ಬೀಳುವುದು 36ರಲ್ಲಿ 1 ಸಲ. ಅನುಮಾನ 36ರಲ್ಲಿ 16 ಸಲ. ಅಂದರೆ ಎದುರಿಗೆ ಬಂದದ್ದು ಹೆಚ್ಚಾಗಿ ನಮ್ಮ ಹಾಗೆಯೇ ಏನು ಮಾಡಲಿ ಎಂದು ನಿಂತಿರುತ್ತದೆ. ಈ ಒಂದು ಪಟ್ಟಿಗಾಗಿಯೇ ನಾನು ಹಳೆಯ ನಿಯಮ ಬಿಟ್ಟಿಲ್ಲ.

ಹೋದ ಆಟದಲ್ಲಿ ಇದು ಹೇಗೆ ನಡೆಯಿತು ಹೇಳುತ್ತೇನೆ. ಎಂಟನೇ ಕೋಣೆ, ಗಾಬ್ಲಿನ್ ಎಂಬ ಕುಳ್ಳ ಮಾನ್‌ಸ್ಟರ್‌ಗಳ ಜಾಗ. ನಮ್ಮ ಗುಂಪಿನ ಹತ್ತಿರ ಎಣ್ಣೆ ಬಾಟಲಿಗಳಿದ್ದವು. ಎಣ್ಣೆ ಎಸೆದು ಬೆಂಕಿ ಇಡುವುದು ಹಳೆಯ ಆಟಗಾರರ ಮೆಚ್ಚಿನ ಉಪಾಯ. ಫೈಟರ್ ಕಲ್ಲಪ್ಪನನ್ನು ಆಡಿಸುವವರು ಬೆಟಗೇರಿಯವರು, ಮಗ್ಗದ ಮನೆಯವರು. ಅವರು ತಕ್ಷಣ, "ಎಣ್ಣಿ ಸುರುವಿ ಬೆಂಕಿ ಹಚ್ಚೂಣು, ಒಂದ ಸಲಕ್ಕ ಮುಗೀತದ" ಅಂದರು. ಥೀಫ್ ಚೆನ್ನಿಯನ್ನು ಆಡಿಸುವ ಹುಡುಗಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಾಳೆ. ಮೊದಲು ಇಣುಕಿ ನೋಡುತ್ತೇನೆ ಅಂದಳು. ಚೀಟಿಯಲ್ಲಿ ಇದ್ದದ್ದನ್ನೇ ಹೇಳಿದೆ: ಗೋಡೆಯ ಗೂಡುಗಳನ್ನು ಯಾರೋ ತೊಳೆದಿದ್ದಾರೆ. ಒಂದೊಂದರಲ್ಲೂ ಒಂದು ಹಣತೆ. ಒಂದೇ ಒಂದು ಉರಿಯುತ್ತಿದೆ, ಉಳಿದವುಗಳಲ್ಲಿ ಬತ್ತಿ ಒಣಗಿದೆ.

"ತಡೀರಿ ಅಣ್ಣಾ, ದೀಪಾ ಹಚ್ಚ್ಯಾರ ಅಂದ್ರ ಅವರಿಗೂ ಯಾರೋ ದೇವ್ರು ಅದಾನ" ಅಂದಳು ಅವಳು.

ದಾಳ ಎಸೆದೆ. 8, ಅನುಮಾನ. ಚೆನ್ನಿ ಒಂದು ಎಣ್ಣೆ ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಕಾಣಿಕೆಗೆ 1 ಕೂಡಿಸಿ ಮತ್ತೆ ಎಸೆದೆ. 10. ಒಂದು ಗಾಬ್ಲಿನ್ ಕತ್ತಲಿನಿಂದಲೇ ಕೇಳಿತು: "ಇನ್ನೂ ಎಷ್ಟ್ ಐತಿ?"

ಒಪ್ಪಂದ ಆಯಿತು. ಬಂದಾಗಲೆಲ್ಲ ಎಣ್ಣೆ ಕೊಡಬೇಕು, ಅವರು ನೀರು ತುಂಬಿದ ಕೋಣೆಯನ್ನು ಸುತ್ತುಹಾಕಿ ಹೋಗುವ ದಾರಿ ತೋರಿಸುತ್ತಾರೆ. ಕಷ್ಟದ ಮಾತು ಆಮೇಲೆ ಬಂತು. ಉರಿಯುವ ಹಣತೆಯ ಹಿಂದೆ ಒಂದು ಗಡಿಗೆ, ಅದರಲ್ಲಿ 300 ಚಿನ್ನದ ನಾಣ್ಯ. ಈ ನಿಯಮದಲ್ಲಿ ಮೇಲಕ್ಕೆ ತಂದ ಒಂದು ನಾಣ್ಯಕ್ಕೆ ಒಂದು ಅನುಭವದ ಅಂಕ. ಒಂದು ಗಾಬ್ಲಿನ್ ಕೊಂದರೆ ಸಿಗುವುದು 5. ಫೈಟರ್‌ಗೆ ಎರಡನೇ ಲೆವೆಲ್ಲಿಗೆ 2000 ಬೇಕು. ಆದ್ದರಿಂದ ಹಳೆಯ ಆಟ ಕೊಲ್ಲು ಎಂದು ಹೇಳುವುದಿಲ್ಲ, ತಪ್ಪಿಸಿಕೊಂಡು ಹೋಗಿ ನಿಧಿ ತಾ ಅನ್ನುತ್ತದೆ. ಆದರೆ ಅದೇ ನಿಯಮ ಕಳ್ಳತನಕ್ಕೂ ಬಹುಮಾನ ಕೊಡುತ್ತದೆ. ಈಗಷ್ಟೇ ಕೈ ಕುಲುಕಿ ಮಾತಾಡಿದವರ ಗಡಿಗೆ ಎತ್ತಬೇಕಾ?

ಆಟ ನಿಂತು ವಾದ ಶುರುವಾಯಿತು. ಪ್ರೆಸ್ಸಿನ ಗೆಳೆಯ, ಅವನದು ಮ್ಯಾಜಿಕ್-ಯೂಸರ್, ಎತ್ತೋಣ ಎಂದ. ಗಾಬ್ಲಿನ್‌ಗೆ ನಾಣ್ಯ ಯಾತಕ್ಕೆ ಎಂಬುದು ಅವನ ಪ್ರಶ್ನೆ. ಬೆಂಕಿ ಹಚ್ಚೋಣ ಅಂದಿದ್ದವರೇ ಅವನಿಗೆ ಅಡ್ಡ ನಿಂತರು: ಹಗೆಯವರನ್ನು ಹೊಡೆಯಬಹುದು, ಮಾತು ಕೊಟ್ಟವರ ಮನೆ ದೋಚಬಾರದು. ನಾನು ಬಾಯಿ ಹಾಕಲಿಲ್ಲ. ಯಾವ ಖಾನೆಯೂ ಇಲ್ಲದೆ ಆ ಮೇಜಿನ ಮೇಲೆ ಧರ್ಮದ ಚರ್ಚೆ ನಡೆಯುತ್ತಿತ್ತು. ನನಗೆ ಬೇಕಾಗಿದ್ದೂ ಅದೇ. ಕೊನೆಗೆ ಗಡಿಗೆ ಅಲ್ಲೇ ಉಳಿಯಿತು. ಎತ್ತಿದ್ದರೆ ಏನಾಗುತ್ತಿತ್ತು ಎಂಬುದು ಚೀಟಿಯ ಹಿಂದೆ ಬರೆದಿದೆ: ಎರಡನೇ ಹಂತದಲ್ಲಿ ಇನ್ನು ಯಾರ ಹತ್ತಿರ ಮಾತಾಡಿದರೂ ದಾಳಕ್ಕೆ 2 ಕಡಿಮೆ.

ಹೊಡೆದಾಟ ಬೇಕು ಅನ್ನುವವರಿಗೂ ಜಾಗ ಬೇಕು. ಅದು ಕೀಳು ಆಟ ಅಲ್ಲ. ವಾರವಿಡೀ ಮಗ್ಗದ ಸದ್ದಿನಲ್ಲಿ ದುಡಿದವರಿಗೆ ಕತ್ತಿ ಬೀಸುವ ಹೊತ್ತು ಬೇಕಾಗುತ್ತದೆ. ಅದಕ್ಕೇ ಹನ್ನೊಂದನೇ ಕೋಣೆಗೆ ಅಸ್ಥಿಪಂಜರಗಳನ್ನು ತಂದಿದ್ದೇನೆ. ಅವಕ್ಕೆ ಏನೂ ಬೇಡ, ಯಾರ ಭಯವೂ ಇಲ್ಲ. ಮೊರಾಲ್ (ಎದೆಗಾರಿಕೆಯ ಅಂಕ) 12, ಅಂದರೆ ಕೊನೆಯ ಎಲುಬಿನವರೆಗೂ ಓಡುವುದಿಲ್ಲ. ಗಾಬ್ಲಿನ್‌ಗಳದು 7. ಅವರಲ್ಲಿ ಒಬ್ಬ ಸತ್ತಾಗ ಎರಡು ದಾಳದಲ್ಲಿ 8 ಅಥವಾ ಹೆಚ್ಚು ಬಿದ್ದರೆ ಉಳಿದವರು ಓಡುತ್ತಾರೆ, ಇಲ್ಲವೇ ಶರಣಾಗುತ್ತಾರೆ. ಎರಡರ ನಡುವಿನ ಅಂತರ ಆಟಗಾರರಿಗೆ ಆಡುತ್ತಲೇ ತಿಳಿಯಬೇಕು.

ಈಗ ಕೈಯಲ್ಲಿರುವುದು ಮೂರನೇ ಹಂತ. ಅಲ್ಲೊಬ್ಬ ಬ್ರಹ್ಮರಾಕ್ಷಸನಿದ್ದಾನೆ, ಓದಿಕೊಂಡವನು. ಏನು ಬೇಕು ಎಂಬ ಸಾಲಿನಲ್ಲಿ ಬರೆದದ್ದು: ಮರೆತುಹೋದ ಆರನೇ ಸಾಲು. ಅವನು ಭಾಮಿನಿ ಷಟ್ಪದಿಯಲ್ಲಿ ಐದು ಸಾಲು ಹೇಳುತ್ತಾನೆ, ಆರನೆಯದನ್ನು ಆಟಗಾರರು ಕಟ್ಟಬೇಕು. ಮೂರು ನಾಲ್ಕು, ಮೂರು ನಾಲ್ಕು, ಮೂರು ನಾಲ್ಕು ಮಾತ್ರೆ, ಕೊನೆಗೊಂದು ಗುರು. ಲೆಕ್ಕ ಕೂಡಿದರೆ ಅವನ ದಾಳಕ್ಕೆ 2 ಹೆಚ್ಚು, ಅರ್ಥವೂ ಕೂಡಿದರೆ 3. ಐದು ಸಾಲುಗಳಲ್ಲಿ ನಾಲ್ಕು ಬರೆದಾಗಿದೆ. ಮೂರನೇ ಸಾಲು ಉದ್ದದ್ದು, ಅದಿನ್ನೂ ಕೂಡುತ್ತಿಲ್ಲ. ಅದು ಆದಮೇಲೆ ನಕ್ಷೆಗೆ ಕೈ ಹಾಕುತ್ತೇನೆ.