ತೊಟ್ಟಿಯಲ್ಲಿ ಪಕ್ಕಕ್ಕೆ ನಿಲ್ಲುವವನು

ನಮ್ಮ ಸಭೆಯಲ್ಲಿ ದೀಕ್ಷಾಸ್ನಾನ, ಅಂದರೆ ಕ್ರಿಸ್ತನನ್ನು ನಂಬಿದವರನ್ನು ನೀರಿನಲ್ಲಿ ಮುಳುಗಿಸಿ ಎತ್ತುವ ಬ್ಯಾಪ್ಟಿಸಮ್, ಇದ್ದಾಗೆಲ್ಲ ನಾನೂ ನೀರಿಗಿಳಿಯುತ್ತೇನೆ. ಒಂದು ಬದಿಗೆ ಪಾಸ್ಟರ್, ಇನ್ನೊಂದು ಬದಿಗೆ ನಾನು. ಪ್ರಶ್ನೆ ಕೇಳುವವರು ಅವರು. ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳುವವರೂ ಅವರೇ. ಬೆನ್ನಿಗೆ ಕೈ ಕೊಡುವುದಷ್ಟೇ ನನ್ನ ಕೆಲಸ. 9 ವರ್ಷದಿಂದ ಮಾಡುತ್ತಿದ್ದೇನೆ.

ಹಿಂದಿನ ರಾತ್ರಿಯೇ ತೊಟ್ಟಿ ತುಂಬಿಸಲು ಶುರು ಮಾಡುತ್ತೇನೆ. ನೀರು ಸೊಂಟಕ್ಕಿಂತ ಒಂದು ಗೇಣು ಮೇಲೆ ಬಂದರೆ ಸಾಕು. ಜಾಸ್ತಿಯಾದರೆ ಕಾಲು ನೆಲ ಬಿಡುತ್ತದೆ. ಬಿಳಿ ನಿಲುವಂಗಿಯ ಅಂಚಿನೊಳಗೆ ತೂಕದ ಸಣ್ಣ ಬಿಲ್ಲೆಗಳನ್ನು ಹೊಲಿದಿದ್ದೇವೆ, ಇಲ್ಲದಿದ್ದರೆ ಬಟ್ಟೆ ತೇಲಿಕೊಂಡು ಮೇಲೆ ಬರುತ್ತದೆ. ವೈರ್ ಇರುವ ಮೈಕನ್ನು ತೊಟ್ಟಿಯ ಹತ್ತಿರಕ್ಕೇ ಬಿಡುವುದಿಲ್ಲ. ಇಳಿಯುವವರಿಗೆ ಮೊದಲೇ ಹೇಳಿಕೊಡುತ್ತೇನೆ: ಒಂದು ಕೈಯಲ್ಲಿ ಮೂಗು ಹಿಡಿಯಿರಿ, ಇನ್ನೊಂದು ಕೈಯಲ್ಲಿ ಆ ಕೈಯ ಮಣಿಕಟ್ಟು ಹಿಡಿಯಿರಿ, ಮಂಡಿ ಸ್ವಲ್ಪ ಮಡಿಸಿ. ಆಮೇಲೆ ಏನೂ ಮಾಡಬೇಡಿ.

ಈ ಕೊನೆಯದೇ ಕಷ್ಟ. ಕತ್ತು ಬಿಗಿ ಹಿಡಿಯುತ್ತಾರೆ. ನೀರು ಕಿವಿ ಮುಟ್ಟಿದ್ದೇ ತಡ, ತಾವೇ ಏಳಲು ನೋಡುತ್ತಾರೆ. ನನಗೂ ಹಾಗೇ ಆಗಿತ್ತು. ಆಗ ನನಗೆ 22. ಹಿಂದಕ್ಕೆ ಬಾಗಿಸಿದಾಗ ಕಾಲು ಜಾರಿತು, ಗಾಬರಿಯಾಗಿ ಒದ್ದಾಡಿದೆ, ಮೂಗಿಗೆ ಬಾಯಿಗೆ ನೀರು ನುಗ್ಗಿತು. ಆದರೆ ಬೆನ್ನ ಕೆಳಗೆ ಒಂದು ಅಗಲವಾದ ಅಂಗೈ ಇತ್ತು. ಅದು ಒಂದಿಷ್ಟೂ ಅಲುಗಲಿಲ್ಲ. ನಾನು ಸೋತು ಮೈ ಬಿಟ್ಟೆ. ಆಗ ಅದು ನನ್ನನ್ನು ಎತ್ತಿತು. ಅವತ್ತು ಕೇಳಿದ ಪ್ರಸಂಗ ನೆನಪಿಲ್ಲ, ಆ ಅಂಗೈ ನೆನಪಿದೆ.

ನಮ್ಮ ಕನ್ನಡ ಬೈಬಲಿನಲ್ಲಿ ಇದಕ್ಕೆ ಬಳಸುವ ಕ್ರಿಯಾಪದ ನೋಡಿ. ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯದಲ್ಲಿ ಪೇತ್ರನ ಮಾತು ಕೇಳಿ ಜನ ಮನಸ್ಸು ಕರಗಿ, ಈಗ ನಾವು ಏನು ಮಾಡಬೇಕು ಅಂತ ಕೇಳುತ್ತಾರೆ. ದೇವರ ಕಡೆಗೆ ತಿರುಗಿಕೊಂಡು ದೀಕ್ಷಾಸ್ನಾನ ‘ಮಾಡಿಸಿಕೊಳ್ಳಿ’ ಅನ್ನುತ್ತಾನೆ ಪೇತ್ರ. ದಿನದ ಸ್ನಾನ ನಾವೇ ಮಾಡುತ್ತೇವೆ. ಇದನ್ನು ಮಾಡಿಸಿಕೊಳ್ಳುತ್ತೇವೆ. ಆ ಒಂದು ‘ಇಸು’ ಪ್ರತ್ಯಯದಲ್ಲಿ ಎಷ್ಟೊಂದು ಅಡಗಿದೆ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಪೌಲ ಇದನ್ನು ಕ್ರಿಸ್ತನ ಜೊತೆ ಹೂಣಲ್ಪಡುವುದು ಅನ್ನುತ್ತಾನೆ. ಕೊಳೆ ತೊಳೆಯುವ ಮಾತು ಅಲ್ಲಿಲ್ಲ, ಸಾವಿನ ಮಾತಿದೆ. ಹೂಣಲ್ಪಟ್ಟವರು ತಾವಾಗೇ ಎದ್ದು ಬರುತ್ತಾರಾ? ಯಾರಾದರೂ ಎಬ್ಬಿಸಬೇಕು.

1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜಾನ್ ಸ್ಮಿತ್ ಎಂಬ ಇಂಗ್ಲಿಷ್ ಬೋಧಕ ತನಗೆ ತಾನೇ ದೀಕ್ಷಾಸ್ನಾನ ಕೊಟ್ಟುಕೊಂಡ. ಸರಿಯಾಗಿ ಕೊಡುವವರು ಯಾರೂ ಉಳಿದಿಲ್ಲ ಎಂದು ಅವನು ನಂಬಿದ್ದ. ಆಮೇಲೆ ಅದು ತಪ್ಪು ಅಂತ ಅವನಿಗೇ ಅನ್ನಿಸಿ, ನಂಬಿದ ದೊಡ್ಡವರಿಗಷ್ಟೇ ದೀಕ್ಷಾಸ್ನಾನ ಕೊಡುತ್ತಿದ್ದ ಅಲ್ಲಿನ ಮೆನೊನೈಟರ ಸಭೆಗೆ ಸೇರಿಸಿಕೊಳ್ಳಿ ಎಂದು ಕೇಳಿಕೊಂಡ. ಅವನ ಪ್ರಾಮಾಣಿಕತೆ ನನಗೆ ಇಷ್ಟ. ಆದರೆ ಯೇಸುವೇ ಯೊರ್ದನ್ ಹೊಳೆಗೆ ಬಂದು, ಅಲ್ಲಿ ಜನರಿಗೆ ದೀಕ್ಷಾಸ್ನಾನ ಕೊಡುತ್ತಿದ್ದ ಯೋಹಾನನ ಮುಂದೆ ನಿಂತನಲ್ವಾ? ನಿನ್ನ ಕೈಯಿಂದ ನಾನು ಮಾಡಿಸಿಕೊಳ್ಳಬೇಕಿತ್ತಲ್ಲ ಅಂತ ಯೋಹಾನ ಹಿಂಜರಿದ. ಆದರೂ ಯೇಸು ಬಿಡಲಿಲ್ಲ, ತಗ್ಗಿ ನೀರಿಗಿಳಿದ.

ಕೂಸುಗಳಿಗೆ ಕೊಡುವ ಸಭೆಗಳ ಬಗ್ಗೆ ಒಂದು ಕಾಲದಲ್ಲಿ ಬಹಳ ವಾದ ಮಾಡುತ್ತಿದ್ದೆ. ನಂಬಿ, ಬಾಯಿಬಿಟ್ಟು ಹೇಳಿದವರಿಗೇ ಕೊಡಬೇಕು ಎನ್ನುವುದು ಇವತ್ತಿಗೂ ನನ್ನ ನಂಬಿಕೆ. ಆದರೆ ಬಂಧುಗಳ ಮಗುವೊಂದರ ದೀಕ್ಷಾಸ್ನಾನಕ್ಕೆ ಹೋಗಿದ್ದಾಗ ನೋಡಿದೆ. ಮಗು ನಿದ್ದೆ ಮಾಡುತ್ತಿತ್ತು, ತಲೆ ಪೂರ್ತಿ ತಾಯಿಯ ತೋಳಿನ ಮೇಲಿತ್ತು, ಉತ್ತರವೆಲ್ಲ ತಂದೆತಾಯಿ ಕೊಡುತ್ತಿದ್ದರು. ನಾನು ಹೇಳಿಕೊಟ್ಟು ಹೇಳಿಕೊಟ್ಟು ಸುಸ್ತಾಗುವ ‘ಏನೂ ಮಾಡಬೇಡಿ’ ಅದಕ್ಕೆ ಗೊತ್ತಿತ್ತು. ಅವತ್ತಿನಿಂದ ಆ ವಿಷಯಕ್ಕೆ ಜಗಳಕ್ಕಿಳಿದಿಲ್ಲ. ಕಥೋಲಿಕ ಸಭೆಯಲ್ಲಿ, ಪ್ರಾಣಾಪಾಯವಿದ್ದಾಗ ಗುರುಗಳು ಸಿಗದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು, ಸ್ವತಃ ದೀಕ್ಷಾಸ್ನಾನ ಆಗದವರು ಕೂಡ. ಸಭೆಯ ಮನಸ್ಸಿನಂತೆ ಕೊಡುವ ಉದ್ದೇಶವಿರಬೇಕು, ನೀರಿರಬೇಕು, ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕ ದೇವರ ಹೆಸರು ಹೇಳಬೇಕು. ತನಗೆ ತಾನೇ ಕೊಟ್ಟುಕೊಳ್ಳುವುದಕ್ಕೆ ಮಾತ್ರ ಅಲ್ಲೂ ದಾರಿಯಿಲ್ಲ.

ಹೋದ ಸಲ ಒಬ್ಬ ಅಜ್ಜಿ ಇದ್ದರು. ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋವು. ಅವರನ್ನು ಬಾಗಿಸಿ ಮುಳುಗಿಸುವುದು ಆಗದ ಮಾತು. ತೊಟ್ಟಿಯೊಳಗೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಕೂರಿಸಿ, ತಲೆಯ ಮೇಲೆ ಮೂರು ಸಲ ನೀರು ಹೊಯ್ಯುವುದು ಅಂತ ಪಾಸ್ಟರ್ ತೀರ್ಮಾನಿಸಿದರು. ಮುಳುಗದಿದ್ದರೆ ಅದು ದೀಕ್ಷಾಸ್ನಾನ ಹೇಗಾಗುತ್ತದೆ ಎಂದು ಕೆಲವರು ಕೇಳಿದರು. ದಿದಾಖೆ ಅಂತ ಸಭೆಯ ಆದಿಕಾಲದ ಒಂದು ಬರಹವಿದೆ. ಹರಿಯುವ ನೀರು ಒಳ್ಳೆಯದು, ಇಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಇಲ್ಲದಿದ್ದರೆ ತಲೆಗೆ ಮೂರು ಸಲ ಹೊಯ್ಯಿರಿ ಎಂದು ಅದರಲ್ಲೇ ಇದೆ. ಅಷ್ಟು ಹಿಂದೆಯೇ ಯಾರೋ ಇಂಥ ಅಜ್ಜಿಯರನ್ನೂ ನೆನೆದಿದ್ದರು.

“ಅಮ್ಮಾ, ನಾನು ಹಿಡ್ಕೊಂಡಿದ್ದೀನಿ” ಅಂದೆ. ಅವರು ಕಣ್ಣು ಮುಚ್ಚಿ, ತಲೆಯನ್ನು ನನ್ನ ತೋಳಿಗೆ ಒರಗಿಸಿದರು. ಪೂರ್ತಿ ಭಾರ ಬಿಟ್ಟರು. ಮೊದಲ ಚೊಂಬಿಗೆ ನರೆಗೂದಲು ಹಣೆಗೆ ಅಂಟಿಕೊಂಡಿತು. ಎರಡನೆಯದಕ್ಕೆ ತುಟಿ ಅಲುಗಿತು, ಏನಂದರೋ ಕೇಳಿಸಲಿಲ್ಲ. ಮೂರನೆಯದಾದ ಮೇಲೂ ಕಣ್ಣು ತೆರೆಯಲಿಲ್ಲ. ಸಭೆಯೆಲ್ಲ ಹಾಡಲು ಶುರು ಮಾಡಿತು.

ಮೇಲೆ ಕರೆತಂದು ಟವೆಲ್ ಹೊದಿಸಿದ ಮೇಲೂ ನನ್ನ ಕೈ ಬಿಡಲಿಲ್ಲ. ನಾನೂ ಒದ್ದೆ ಬಟ್ಟೆಯಲ್ಲೇ ಅವರ ಪಕ್ಕ ಬೆಂಚಿನ ಮೇಲೆ ಕೂತೆ.