ಪರ್ಸೆಲ್‌ವಿಲ್‌ನಿಂದ ಮುಂದೆ

ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ ಕನ್ನಡದವರಿಗೆ ಡಬ್ಲ್ಯೂ ಅಂಡ್ ಓಡಿ ಟ್ರೇಲ್ (ನಡಿಗೆಗೆ, ಸೈಕಲ್ಲಿಗೆ ಅಂತ ಇರುವ ದಾರಿ) ಗೊತ್ತಿಲ್ಲದೆ ಇರುವುದಿಲ್ಲ. ಊರಿಂದ ಬಂದ ಅಪ್ಪ ಅಮ್ಮಂದಿರ ವಾಕಿಂಗ್ ನಡೆಯುವುದೇ ಅಲ್ಲಿ. ಸೀರೆ ಮೇಲೆ ಸ್ವೆಟರ್, ಕಾಲಿಗೆ ಮಗ ಕೊಡಿಸಿದ ಶೂ, ಕಿವಿ ಮುಚ್ಚುವಂತೆ ಮಫ್ಲರ್. ಎದುರಿಗೆ ಸಿಕ್ಕವರು ಕನ್ನಡದವರು ಅಂತ ಗೊತ್ತಾದರೆ ಮುಗಿಯಿತು, ಯಾವ ಊರು, ಯಾವಾಗ ವಾಪಸ್ಸು ಅಂತ ಅಲ್ಲೇ ನಿಂತು ಮಾತು. ಪಕ್ಕದಲ್ಲಿ ಬೆಲ್ ಹೊಡೆದುಕೊಂಡು ಸೈಕಲ್‌ಗಳು ಹೋಗುತ್ತಲೇ ಇರುತ್ತವೆ.

ಇದು ರೈಲು ಓಡಾಡುತ್ತಿದ್ದ ದಾರಿ. ವಾಷಿಂಗ್ಟನ್ ಅಂಡ್ ಓಲ್ಡ್ ಡೊಮಿನಿಯನ್ ಅನ್ನುವುದು ಆ ರೈಲಿನ ಹೆಸರು. ಆರ್ಲಿಂಗ್ಟನ್‌ನ ಶರ್ಲಿಂಗ್ಟನ್ ಹತ್ತಿರ ಶುರುವಾಗಿ ಪಶ್ಚಿಮಕ್ಕೆ ಪರ್ಸೆಲ್‌ವಿಲ್ ತನಕ ಸುಮಾರು 45 ಮೈಲಿ, ಅಂದರೆ 72 ಕಿಲೋಮೀಟರ್. ಅಗಲ ಮಾತ್ರ ಬರೀ 100 ಅಡಿ. ಅಷ್ಟರಲ್ಲೇ ಡಾಂಬರು ದಾರಿ, ಬಹಳ ಕಡೆ ಪಕ್ಕದಲ್ಲೇ ಕುದುರೆ ಸವಾರರಿಗೆ ಜಲ್ಲಿ ದಾರಿ, ಎರಡೂ ಕಡೆ ಮರ. ನಮ್ಮ ಆಶ್‌ಬರ್ನ್ ಹತ್ತಿರ ತಲೆ ಮೇಲೆ ದೊಡ್ಡ ಕರೆಂಟ್ ತಂತಿಗಳು.

ಕಳೆದ ಸಲ ಅಪ್ಪ ಸಾಗರದಿಂದ ಬಂದಾಗ ಇಲ್ಲಿ ನಡೆಯುತ್ತಾ ಒಂದು ಪ್ರಶ್ನೆ ಕೇಳಿದರು. ಅವರು ತಾಳಗುಪ್ಪದ ರೈಲ್‌ಬಸ್ಸಿನಲ್ಲಿ ಓಡಾಡಿದವರು, ಹಳಿ ಅಂದರೆ ಅವರಿಗೆ ಯಾವಾಗಲೂ ಆಸಕ್ತಿ. "ಅಲ್ಲ ಮಾರಾಯ, ಹಳಿ ಕಿತ್ತ ಮೇಲೂ ಜಾಗ ಹೀಗೇ ಉದ್ದಕ್ಕೆ ಉಳಿದಿದೆಯಲ್ಲ, ಅಕ್ಕಪಕ್ಕದವರು ಯಾರೂ ಬೇಲಿ ಸರಿಸಿಕೊಳ್ಳಲಿಲ್ವಾ?"

ಇಷ್ಟು ವರ್ಷ ಇದೇ ದಾರಿಯಲ್ಲಿ ಸೈಕಲ್ ತುಳಿದರೂ ನನಗೆ ಈ ಪ್ರಶ್ನೆ ಬಂದಿರಲಿಲ್ಲ. ಉತ್ತರ ಹುಡುಕಿದಾಗ ಸಿಕ್ಕ ಕಥೆ ಹೀಗಿದೆ. ರೈಲು ನಿಂತಿದ್ದು 1968ರಲ್ಲಿ. ಆಗ ಇದರ ಬಹುಪಾಲು ಜಾಗವನ್ನು ಒಂದು ವಿದ್ಯುತ್ ಕಂಪನಿ ಕೊಂಡಿತು. ಅವರಿಗೆ ಬೇಕಾಗಿದ್ದದ್ದು ತಂತಿ ಎಳೆಯಲು ಜಾಗ. ಸೈಕಲ್ಲು, ವಾಕಿಂಗು ಆ ಲೆಕ್ಕದಲ್ಲೇ ಇರಲಿಲ್ಲ. ಆದರೆ ತಂತಿಗೂ ತುಂಡಾಗದ ಜಾಗವೇ ಬೇಕಲ್ಲ? ಹಾಗಾಗಿ ಜಾಗ ಒಂದೇ ಕೈಯಲ್ಲಿ ಉಳಿಯಿತು. 1974ರಲ್ಲಿ ಫಾಲ್ಸ್ ಚರ್ಚ್ ಊರಲ್ಲಿ ಒಂದು ಚಿಕ್ಕ ಭಾಗವನ್ನು ಪ್ರಯೋಗಕ್ಕೆ ಅಂತ ಟ್ರೇಲ್ ಮಾಡಿದರು. ಜನ ಮುಗಿಬಿದ್ದರು. ಆಮೇಲೆ ಇಲ್ಲಿನ ಪಾರ್ಕ್ ಅಥಾರಿಟಿ ಆ ಕಂಪನಿಯಿಂದ ಜಾಗವನ್ನು ಕಂತಿನಲ್ಲಿ ಕೊಂಡುಕೊಂಡು, ಸ್ವಲ್ಪ ಸ್ವಲ್ಪವೇ ಪಶ್ಚಿಮಕ್ಕೆ ಬೆಳೆಸಿತು. ಪರ್ಸೆಲ್‌ವಿಲ್ ಮುಟ್ಟಿದ್ದು 1988ರಲ್ಲಿ.

"ಹಾಗಾದರೆ ರೈಲೂ ಪರ್ಸೆಲ್‌ವಿಲ್‌ಗೇ ನಿಲ್ತಿತ್ತಾ?" ಅಂದರು ಅಪ್ಪ.

ಇಲ್ಲ, ಅದೇ ವಿಷಯ. ರೈಲು ಇನ್ನೂ ಮುಂದೆ, ಬ್ಲೂ ರಿಡ್ಜ್ ಬೆಟ್ಟದ ಬುಡದ ಬ್ಲೂಮಾಂಟ್ ತನಕ ಹೋಗುತ್ತಿತ್ತು. ಅದನ್ನು ತೋರಿಸುತ್ತೇನೆ ಅಂತ ಮಾತು ಕೊಟ್ಟು, ಅಕ್ಟೋಬರ್‌ನ ಒಂದು ಶನಿವಾರ ಹೊರಟೆವು. ನಾನು ಮತ್ತು ಹಾಸನದ ಗೆಳೆಯ ಸೈಕಲ್ಲಿನಲ್ಲಿ. ಅಪ್ಪ, ನನ್ನ ಹೆಂಡತಿ ಕಾರಿನಲ್ಲಿ. ಪರ್ಸೆಲ್‌ವಿಲ್‌ನಲ್ಲಿ ಸೇರುವುದು ಅಂತ ಮಾತಾಯಿತು.

ಆಶ್‌ಬರ್ನ್‌ನಲ್ಲಿ ಇರುವಷ್ಟು ಹೊತ್ತು ಕಿಟಕಿಯೇ ಇಲ್ಲದ ಡೇಟಾ ಸೆಂಟರ್‌ಗಳ ಗೋಡೆ ಕಾಣುತ್ತಿರುತ್ತದೆ. ಗೂಸ್ ಕ್ರೀಕ್ ಸೇತುವೆ ದಾಟುವ ಹೊತ್ತಿಗೆ ಗಾಳಿಯೇ ಬೇರೆ. ಕೆಳಗೆ ಕಂದು ನೀರು, ದಡದಲ್ಲಿ ಬಿಳಿ ತೊಗಟೆಯ ಸಿಕಮೋರ್ ಮರಗಳು. ಲೀಸ್‌ಬರ್ಗ್ ಊರೊಳಗೆ ರಸ್ತೆ ದಾಟುವಾಗೆಲ್ಲ ಇಳಿದು ನಿಲ್ಲಬೇಕು. ಅದಾದ ಮೇಲೆ ಏರು ಶುರು.

ಈ ಏರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಲೀಸ್‌ಬರ್ಗ್‌ನಿಂದ ಕ್ಲಾರ್ಕ್ಸ್ ಗ್ಯಾಪ್ ತನಕ ದಾರಿ ಮೈಲಿಗಟ್ಟಲೆ ಏರುತ್ತಲೇ ಹೋಗುತ್ತದೆ. ಟ್ರೇಲಿನ ಅತಿ ಎತ್ತರದ ಜಾಗ ಅದೇ. ಆದರೆ ಕಣ್ಣಿಗೆ ಏರು ಅನ್ನಿಸುವುದೇ ಇಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ ಕಡಿದಾದ ಏರಿನಲ್ಲಿ ಜಾರುತ್ತದೆ. ಅದಕ್ಕೇ ಗುಡ್ಡ ಬಂದಲ್ಲಿ ಅಗೆದು, ತಗ್ಗು ಬಂದಲ್ಲಿ ಮಣ್ಣು ಏರಿಸಿ, ಉಗಿ ಬಂಡಿ ಎಳೆಯಬಲ್ಲಷ್ಟೇ ಇಳಿಜಾರು ಇಟ್ಟರು. ಆ ಕೆಲಸದ ಲಾಭ ಈಗ ಮಂಡಿ ನೋವಿನ ಹಿರಿಯರಿಗೆ, ತರಬೇತಿ ಚಕ್ರ ಇರುವ ಮಕ್ಕಳ ಸೈಕಲ್ಲಿಗೆ, ಗಾಲಿ ಕುರ್ಚಿಗೆ ಸಿಗುತ್ತಿದೆ. ರೈಲು ದಾರಿಯನ್ನು ಟ್ರೇಲ್ ಮಾಡಿದರೆ ಬೇರೆ ಯಾವ ದಾರಿಗಿಂತಲೂ ಹೆಚ್ಚು ಜನಕ್ಕೆ ಉಪಯೋಗ ಅಂತ ನಾನು ನಂಬುವುದು ಇದಕ್ಕೇ. ಕ್ಲಾರ್ಕ್ಸ್ ಗ್ಯಾಪ್‌ನಲ್ಲಿ ಹಳೇ ಕಲ್ಲಿನ ಕಮಾನು ಸೇತುವೆ ಇದೆ, ಟ್ರೇಲ್ ಅದರ ಕೆಳಗೆ ಹೋಗುತ್ತದೆ. ನೆರಳಿನಲ್ಲಿ ನಿಂತು ಕಲ್ಲಿಗೆ ಕೈ ಇಟ್ಟೆ. ತಣ್ಣಗೆ, ಜಿನುಗು ನೀರಿಗೆ ಹಸಿ ಹಸಿ, ಸಂದಿನಲ್ಲಿ ಚಿಕ್ಕ ಜರಿಗಿಡ. ಗೆಳೆಯ ಕೂಗಿದ, "ಬಾ ಗುರೂ, ಅಂಕಲ್ ಕಾಯ್ತಿರ್ತಾರೆ."

ಅಪ್ಪ ಪರ್ಸೆಲ್‌ವಿಲ್‌ನ ಹಳೇ ಸ್ಟೇಷನ್ ಮುಂದಿನ ಬೆಂಚಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. 1904ರಲ್ಲಿ ಕಟ್ಟಿದ ಸ್ಟೇಷನ್, ಚೆನ್ನಾಗಿ ಉಳಿಸಿಕೊಂಡಿದ್ದಾರೆ. ಅಲ್ಲಿಗೆ ಟ್ರೇಲ್ ಮುಗಿಯುತ್ತದೆ. ಮುಂದೆ ರಸ್ತೆ, ಅಂಗಡಿ, ಮನೆ.

ಪರ್ಸೆಲ್‌ವಿಲ್‌ನಿಂದ ಬ್ಲೂಮಾಂಟ್ ತನಕದ ರೈಲು 1939ರಲ್ಲೇ ನಿಂತುಹೋಯಿತು. ಆಗ ರೈಲು ದಾರಿಯನ್ನು ಟ್ರೇಲ್ ಮಾಡುವ ಯೋಚನೆಯೇ ಇರಲಿಲ್ಲ. ದೇಶದ ಮೊದಲ ರೈಲ್ ಟ್ರೇಲ್ ಅಂತ ಹೇಳುವ ವಿಸ್ಕಾನ್ಸಿನ್‌ನ ಎಲ್ರಾಯ್–ಸ್ಪಾರ್ಟಾ ಟ್ರೇಲ್ ಶುರುವಾಗಿದ್ದೇ 1960ರ ದಶಕದಲ್ಲಿ. ನಿಂತುಹೋಗಲಿರುವ ರೈಲು ದಾರಿಯನ್ನು ತುಂಡು ಮಾಡದೆ ಟ್ರೇಲ್ ಆಗಿ ಇಟ್ಟುಕೊಂಡು, ಬೇಕಾದರೆ ಮುಂದೆ ರೈಲಿಗೇ ವಾಪಸ್ ಕೊಡಬಹುದು ಅನ್ನುವ ಕಾನೂನು ಬಂದಿದ್ದು 1983ರಲ್ಲಿ. ಅಷ್ಟು ಹೊತ್ತಿಗೆ ಇಲ್ಲಿನ ಜಾಗ ಅಕ್ಕಪಕ್ಕದ ಹೊಲಗಳಿಗೆ ಸೇರಿ ತಲೆಮಾರುಗಳೇ ಕಳೆದಿದ್ದವು.

"ನೋಡಿದ್ಯಾ, ಬೇಲಿ ಸರಿಸಿಕೊಂಡಿದ್ದಾರೆ," ಅಂದರು ಅಪ್ಪ. ಕದ್ದು ಸರಿಸಿದ್ದಲ್ಲ ಅಪ್ಪಾ, ಕೊಂಡುಕೊಂಡಿದ್ದು ಅಂದೆ. ಅದು ಮುಖ್ಯವಾದ ವ್ಯತ್ಯಾಸ.

ಊಟ ಮಾಡಿ ನಾವಿಬ್ಬರು ರೌಂಡ್ ಹಿಲ್ ಕಡೆಗೆ ರಸ್ತೆಯಲ್ಲೇ ಹೊರಟೆವು. ಮೂರು ಮೈಲಿಯ ಆಸುಪಾಸು ಅಷ್ಟೆ. ಆದರೆ ಬೆಳಗ್ಗೆಯಿಂದ ಮೈ ಮರೆತು ತುಳಿದವರಿಗೆ ಅಲ್ಲಿ ಮೈಯೆಲ್ಲ ಕಣ್ಣಾಗಬೇಕು. ಬಿಳಿ ಗೆರೆಯ ಆಚೆ ಅಂಚಿಗೆ ಜಾಗವೇ ಇಲ್ಲ. ಕುದುರೆ ಸಾಗಿಸುವ ಟ್ರೇಲರ್ ಎಳೆದುಕೊಂಡು ಹೋದ ಟ್ರಕ್ಕಿನ ಗಾಳಿಗೆ ಸೈಕಲ್ ಓಲಾಡಿತು. ಈ ದಾರಿಯ ನಡುವೆ ಫ್ರ್ಯಾಂಕ್ಲಿನ್ ಪಾರ್ಕ್ ಇದೆ, ಲೌಡನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ದೊಡ್ಡ ಪಾರ್ಕು. ಆಟದ ಮೈದಾನ, ಈಜುಕೊಳ, ಕೆರೆ ಎಲ್ಲ ಇದೆ. ಪರ್ಸೆಲ್‌ವಿಲ್‌ನ ಮಗುವೊಂದು ಅಲ್ಲಿಗೆ ಈಜಲು ಹೋಗಬೇಕಾದರೆ ದೊಡ್ಡವರು ಕಾರಿನಲ್ಲಿ ಬಿಡಬೇಕು. ಇಷ್ಟು ಹತ್ತಿರ ಇದ್ದೂ!

ರೌಂಡ್ ಹಿಲ್ ದಾಟಿದ ಮೇಲೆ ಒಂದು ಕಡೆ ಗೆಳೆಯ ನಿಲ್ಲಿಸಿ ಕೈ ತೋರಿಸಿದ. ಬೇಲಿಯಾಚೆ ಹುಲ್ಲುಗಾವಲಿನ ನಡುವೆ ಉದ್ದಕ್ಕೂ ಒಂದು ದಿಬ್ಬ, ಹಳೇ ರೈಲು ದಾರಿಯದು. ಸುತ್ತಲಿನ ನೆಲವೆಲ್ಲ ಉಬ್ಬು ತಗ್ಗು, ಇದೊಂದು ಮಾತ್ರ ದಾರ ಹಿಡಿದು ಎಳೆದ ಹಾಗೆ ಸಮ. ಮೇಲೆ ಸೀಡರ್ ಗಿಡಗಳು ಸಾಲಾಗಿ ಎದ್ದಿದ್ದವು, ಹಸುಗಳು ಅದರ ನೆರಳಲ್ಲಿ ಮಲಗಿದ್ದವು. ಒಂದು ಕಡೆ ತೋಡು ಬಂದಲ್ಲಿ ದಿಬ್ಬ ಕಿತ್ತುಹೋಗಿತ್ತು. ಹರಿದ ಮಣ್ಣಿನಲ್ಲಿ ಕಪ್ಪು ಕಿಟ್ಟದ ಚೂರುಗಳು ಕಾಣುತ್ತಿದ್ದವು.

ಈ ರೈಲನ್ನು ಶುರು ಮಾಡಿದವರ ಆಸೆ ಬೆಟ್ಟ ದಾಟಿ ಹ್ಯಾಂಪ್‌ಷೈರ್ ಕೌಂಟಿಯ ಕಲ್ಲಿದ್ದಲು ತರುವುದಾಗಿತ್ತು. ಲೀಸ್‌ಬರ್ಗ್ ಮುಟ್ಟಿದ್ದು 1860ರಲ್ಲಿ. ಮರುವರ್ಷವೇ ಅಂತರ್ಯುದ್ಧ, ಸೇತುವೆಗಳನ್ನು ಸುಟ್ಟರು, ಹಳಿ ಕಿತ್ತರು. ಬ್ಲೂಮಾಂಟ್ ತಲುಪುವ ಹೊತ್ತಿಗೆ 1900. ಬೆಟ್ಟ ದಾಟಲೇ ಇಲ್ಲ. ಕೊನೆಗೆ ಬಂದದ್ದು ಕಲ್ಲಿದ್ದಲಲ್ಲ, ವಾಷಿಂಗ್ಟನ್‌ನ ಬೇಸಿಗೆ ತಡೆಯಲಾರದೆ ತಂಪಿಗೆ ಅಂತ ಬಂದ ಜನ. ಲೀಸ್‌ಬರ್ಗ್‌ನಿಂದ ಇಷ್ಟು ದೂರಕ್ಕೆ ರೈಲಿಗೇ ನಲವತ್ತು ವರ್ಷ ಹಿಡಿಯಿತು ಅಂತ ನೆನೆದಾಗ ಟ್ರೇಲಿನ ಬಗ್ಗೆ ನನಗೆ ತಾಳ್ಮೆ ಬರುತ್ತದೆ.

ಆ ದಿನ ಬ್ಲೂಮಾಂಟ್‌ನ ಜನರಲ್ ಸ್ಟೋರ್ ತನಕ ಹೋಗಿ ತಣ್ಣಗೆ ಏನೋ ಕುಡಿದು ಕಾರಿಗೆ ಸೈಕಲ್ ಕಟ್ಟಿಕೊಂಡು ವಾಪಸ್ ಬಂದೆವು. ಅದಾದ ಕೆಲವು ವಾರಕ್ಕೆ ಪಶ್ಚಿಮ ಲೌಡನ್‌ನ ಕಾಲುದಾರಿ, ಸೈಕಲ್ ದಾರಿಗಳ ಬಗ್ಗೆ ಒಂದು ಸಭೆ ಇತ್ತು, ಹೋದೆ. ಮೇಜಿನ ಮೇಲೆ ಉದ್ದನೆ ನಕ್ಷೆಗಳು, ಕೈಗೆ ಬಣ್ಣದ ಸ್ಟಿಕ್ಕರ್. ಎಲ್ಲಿ ದಾರಿ ಬೇಕೋ ಅಲ್ಲಿ ಅಂಟಿಸಬೇಕು. ನನ್ನ ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಹೆಂಗಸು ಒಂದೂ ಅಂಟಿಸಲಿಲ್ಲ. ಹಳೇ ರೈಲು ದಾರಿ ಅವರ ಕೊಟ್ಟಿಗೆಗೂ ಮನೆಗೂ ನಡುವೆ ಹೋಗುತ್ತದಂತೆ. "ವಾರದ ಕೊನೆಯಲ್ಲಿ ಇನ್ನೂರು ಜನ ನನ್ನ ಅಂಗಳದಲ್ಲಿ ಹೋದರೆ ನಾನು ಹಸುಗಳನ್ನು ಹೊಡೆದುಕೊಂಡು ಹೋಗುವುದು ಯಾವಾಗ?" ಅಂದರು. ನನ್ನ ಬಳಿ ಅದಕ್ಕೆ ಉತ್ತರ ಇರಲಿಲ್ಲ. ನ್ಯಾಯವಾದ ಮಾತು ಅದು. ಅವರ ಅಜ್ಜ ದುಡ್ಡು ಕೊಟ್ಟು ಕೊಂಡ ಜಾಗ.

ಹಾಗಾಗಿ ನನ್ನ ಸ್ಟಿಕ್ಕರನ್ನು ಹಳೇ ದಿಬ್ಬದ ಮೇಲೆ ಅಂಟಿಸಲಿಲ್ಲ. ರಸ್ತೆಯ ಪಕ್ಕಕ್ಕೆ, ಪರ್ಸೆಲ್‌ವಿಲ್‌ನಿಂದ ಫ್ರ್ಯಾಂಕ್ಲಿನ್ ಪಾರ್ಕ್, ಅಲ್ಲಿಂದ ರೌಂಡ್ ಹಿಲ್ ಅಂತ ಅಂಟಿಸಿದೆ. ಕಾರಿನ ದಾರಿಯಿಂದ ಸ್ವಲ್ಪ ಬಿಟ್ಟು ಹತ್ತಡಿ ಡಾಂಬರು ಸಾಕು. ಹಳೇ ದಾರಿಯೇ ಬೇಕು ಅನ್ನುವವರು ಆ ಸಭೆಯಲ್ಲಿ ಜಾಸ್ತಿ ಇದ್ದರು, ಅವರ ಆಸೆ ನನಗೆ ಅರ್ಥವಾಗುತ್ತದೆ. ಆ ಸಮತಟ್ಟು ರಸ್ತೆ ಬದಿಯಲ್ಲಿ ಸಿಗುವುದಿಲ್ಲ. ಆದರೆ ಎಲ್ಲರೂ ಒಪ್ಪುವ ತನಕ ಕಾದರೆ ಈಗಿನ ಮಕ್ಕಳು ದೊಡ್ಡವರಾಗಿ ಕಾರು ಓಡಿಸುತ್ತಿರುತ್ತಾರೆ. ಇನ್ನೊಂದು ಮಾತನ್ನೂ ಕಾಗದದಲ್ಲಿ ಬರೆದು ಕೊಟ್ಟೆ. ಮುಂದೆ ಯಾರಾದರೂ ತಾವಾಗಿಯೇ ಜಮೀನು ಮಾರಿ ಅಲ್ಲಿ ಹೊಸ ಬಡಾವಣೆ ಬರುವುದಾದರೆ, ಹಳೇ ದಿಬ್ಬದಷ್ಟು ಜಾಗವನ್ನು ಮೊದಲೇ ಬಿಡಿಸಿಕೊಳ್ಳಿ. ಸೈಟುಗಳಾಗಿ ತುಂಡಾದ ಮೇಲೆ ಸೇರಿಸುವುದು ಆಗದ ಕೆಲಸ.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಆ ಹೆಂಗಸಿಗೆ ಒಂದು ಅಂಡರ್‌ಪಾಸ್ ಮಾಡಿಕೊಟ್ಟರೆ ಹಸು ಕೆಳಗೆ ಹೋಗ್ತವೆ, ಸೈಕಲ್ ಮೇಲೆ ಹೋಗ್ತವೆ, ಅಲ್ವಾ?" ಅಂದರು. ಮುಂದಿನ ಸಭೆಯಲ್ಲಿ ಅವರು ಸಿಕ್ಕರೆ ಕೇಳಬೇಕು. ಈ ಸಲ ನಮ್ಮ ಬೀದಿಯ ಕನ್ನಡದವರನ್ನೂ ಕರೆದುಕೊಂಡು ಹೋಗುತ್ತೇನೆ. ಟ್ರೇಲಿನಲ್ಲಿ ದಿನಾ ನಡೆಯುವ ನಮ್ಮ ಹಿರಿಯರಲ್ಲಿ ಒಬ್ಬರೂ ಆ ಕೋಣೆಯಲ್ಲಿ ಇರಲಿಲ್ಲ.