ಪೆನ್ಸಿಲ್ಲಿನಲ್ಲಿ ಬರೆದ ಪ್ರಶ್ನೆಗಳು

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ಕನ್ನಡ ಮೇಡಂ ಕೇಳಿದರು. ನನಗೆ ಕಥಾ ಕಮ್ಮಟ ಬಿಟ್ಟು ಬೇರೆ ಯಾವುದೂ ಹೊಳೆಯಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ದಸರಾ ರಜೆ ಬಂತೆಂದರೆ ನಮ್ಮ ಶಾಲೆಯಲ್ಲಿ ಒಂಬತ್ತು, ಹತ್ತನೇ ತರಗತಿಯವರಿಗೆ ಕಮ್ಮಟ ನಡೆಯುತ್ತಿತ್ತು. ಮೈಸೂರಿನಿಂದ ಒಬ್ಬ ಕಥೆಗಾರರು, ಒಬ್ಬ ಕವಯಿತ್ರಿ ಬೆಳಗಿನ ರೈಲಿಗೆ ಮಂಡ್ಯಕ್ಕೆ ಬರುತ್ತಿದ್ದರು. ಇಬ್ಬರೂ ಆಗಲೇ ಹೆಸರು ಮಾಡಿದವರು. ಅವರ ಪುಸ್ತಕಗಳು ನಮ್ಮ ಲೈಬ್ರರಿಯ ಬೀರುವಿನಲ್ಲಿದ್ದವು. ಹಾರ, ಶಾಲು ಬೇಡ, ಬ್ಯಾನರಿನಲ್ಲಿ ಹೆಸರೂ ಬೇಡ ಎಂದು ಹೇಳಿಯೇ ಬರುತ್ತಿದ್ದರು. ಹಾಗಾಗಿ ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ.

ಅವರದು ಇನ್ನೊಂದು ಷರತ್ತಿತ್ತು. ಬರುವ ಮಕ್ಕಳೆಲ್ಲ ಒಂದು ವಾರ ಮೊದಲೇ ತಾವು ಬರೆದದ್ದನ್ನು ಕಳಿಸಬೇಕು. ನಮ್ಮ ಕನ್ನಡ ಮೇಷ್ಟ್ರು ಅವನ್ನೆಲ್ಲ ಒಟ್ಟಿಗೆ ಕಟ್ಟಿ ಮೈಸೂರಿಗೆ ಅಂಚೆಯಲ್ಲಿ ಹಾಕುತ್ತಿದ್ದರು. ಕಮ್ಮಟದ ಮೊದಲ ದಿನ ನಮ್ಮ ಹಾಳೆಗಳು ನಮ್ಮ ಕೈಗೆ ವಾಪಸ್ ಬರುತ್ತಿದ್ದವು. ಪ್ರತಿ ಹಾಳೆಯ ಅಂಚಿನಲ್ಲೂ ಪೆನ್ಸಿಲ್ ಬರಹ ಇರುತ್ತಿತ್ತು. ಕೆಂಪು ಶಾಯಿ ಇಲ್ಲ, ಮಾರ್ಕ್ಸ್ ಇಲ್ಲ, 'ಚೆನ್ನಾಗಿದೆ' ಅಂತಲೂ ಇಲ್ಲ. ಬರೀ ಪ್ರಶ್ನೆಗಳು.

ನನ್ನ ಕಥೆ ಒಬ್ಬ ರೈತನದು. ಅದರಲ್ಲಿ ಒಂದು ಸಾಲು ಹೀಗಿತ್ತು: 'ರೈತನು ಕಷ್ಟಪಟ್ಟು ಬೆಳೆದ ಬೆಳೆ ಕೈಗೆ ಬರಲಿಲ್ಲ.' ಪಕ್ಕದಲ್ಲಿ ಕಥೆಗಾರರು ಸಣ್ಣ ಅಕ್ಷರದಲ್ಲಿ ಬರೆದಿದ್ದರು. 'ಯಾವ ಬೆಳೆ? ಯಾವ ತಿಂಗಳು? ಯಾಕೆ ಬರಲಿಲ್ಲ? ಆ ದಿನ ಮನೆಯಲ್ಲಿ ಅಡುಗೆ ಏನು?'

ಕೊನೆಯ ಪ್ರಶ್ನೆ ನೋಡಿ ನನಗೆ ಆಶ್ಚರ್ಯವಾಯಿತು. ಹತ್ತಿರ ಹೋಗಿ, "ಸಾರ್, ಅಡುಗೆ ಯಾಕೆ?" ಎಂದೆ. "ಅಡುಗೆ ಏನು ಅಂತ ಗೊತ್ತಾದರೆ ಆ ಮನೆ ಎಷ್ಟು ಕೆಟ್ಟಿತ್ತು ಅಂತ ಗೊತ್ತಾಗುತ್ತೆ ಕಣಮ್ಮ. ಕಷ್ಟ ಅನ್ನೋ ಮಾತನ್ನ ನೀನು ಬರೀಲೇಬೇಕಿಲ್ಲ" ಎಂದರು. ನಮ್ಮೂರು ಎಲ್ಲಿ, ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. ವಿಸಿ (ವಿಶ್ವೇಶ್ವರಯ್ಯ) ನಾಲೆ ಬಯಲು, ಕಬ್ಬು ಎಂದೆ. "ಹಾಗಾದರೆ ನಿಮ್ಮಪ್ಪನ್ನ ಕೇಳ್ಕೊಂಡು ಬಾ. ನಾನು ಕಥೆ ಹೇಳಿಕೊಡಬಹುದು, ಕಬ್ಬು ಹೇಳಿಕೊಡೋಕೆ ಬರಲ್ಲ" ಎಂದರು.

ಆ ಸಂಜೆ ನಾನು ಅಪ್ಪನ ಪಕ್ಕ ನೋಟ್‌ಬುಕ್ ಹಿಡಿದು ಕೂತೆ. ಕಬ್ಬಿನ ಗದ್ದೆಯ ನಡುವೆಯೇ ಬೆಳೆದವಳು ನಾನು. ಆದರೆ ಅಪ್ಪನ ಕೆಲಸದ ಬಗ್ಗೆ ಅಪ್ಪನನ್ನೇ ಕೂರಿಸಿಕೊಂಡು ಕೇಳಿದ್ದು ಅದೇ ಮೊದಲು. "ಯಾಕವ್ವ, ಇದ್ನೆಲ್ಲ ಪರೀಕ್ಷೇಲಿ ಕೇಳ್ತರಾ?" ಎಂದರು ಅಪ್ಪ. ಆಮೇಲೆ ನಿಧಾನಕ್ಕೆ ಶುರು ಮಾಡಿದರು. ನಾಟಿ ಮಾಡಿದ ಕಬ್ಬಿಗೆ ಸುಮಾರು ಹನ್ನೆರಡು ತಿಂಗಳು ಬೇಕು. ಕಡಿದ ಬುಡವೇ ಮತ್ತೆ ಚಿಗುರಲಿ ಎಂದು ಕೂಳೆ ಬಿಟ್ಟರೆ ಅದಕ್ಕಿಂತ ಬೇಗ ಬರುತ್ತದೆ. ಕಟಾವಿಗೆ ಕಾರ್ಖಾನೆಯ ಆರ್ಡರ್ ಬರಬೇಕು. "ಆರ್ಡರ್ ಬರ್ನಿಲ್ಲ ಅಂತ ಕಾಯ್ತಾ ಕುಂತ್ರೆ ಸೂಲಂಗಿ (ಕಬ್ಬಿನ ಹೂವು) ಬತ್ತದೆ. ಸೂಲಂಗಿ ಬಂದ್ಮೇಲೆ ಒಳಗೆಲ್ಲ ಬೆಂಡು ಕನವ್ವ. ಕಡ್ದು ಮಡಗಿದ್ರೂವೆ ದಿನದಿನಕ್ಕೂ ತೂಕ ಕಳ್ಕತದೆ." ಹಾಗೆ ಹೇಳುತ್ತಾ ಹೇಳುತ್ತಾ ಒಂದು ವರ್ಷದ ವಿಷಯಕ್ಕೆ ಬಂದರು. ಆ ಸಲ ಆರ್ಡರ್ ತಡವಾಗಿ, ಕಬ್ಬನ್ನೆಲ್ಲ ಆಲೆಮನೆಗೆ ಹೊಡೆದಿದ್ದರಂತೆ. ರಾತ್ರಿಯೆಲ್ಲ ಕೊಪ್ಪರಿಗೆ ಮುಂದೆ ಕೂತಿದ್ದರಂತೆ. ಬೆಲ್ಲ ಹದಕ್ಕೇನೋ ಬಂತು, ರೇಟು ಮಾತ್ರ ಬಿದ್ದುಹೋಗಿತ್ತು. ಅದೇ ವರ್ಷ ನಮ್ಮಕ್ಕನ ಮದುವೆ ಮುಂದಕ್ಕೆ ಹೋಗಿತ್ತು. ಗಂಡಿನ ಕಡೆಯವರಿಗೆ ಸೂತಕ ಬಂತು ಎಂದು ಮನೆಯಲ್ಲಿ ಮಕ್ಕಳಿಗೆಲ್ಲ ಹೇಳಿದ್ದರು. ನಿಜವಾದ ಕಾರಣ ನನಗೆ ಗೊತ್ತಾಗಿದ್ದು ಆ ಸಂಜೆ.

ರಾತ್ರಿ ಕೂತು ಕಥೆಯನ್ನು ಪೂರ್ತಿ ಬೇರೆ ಬರೆದೆ. ಬೆಳಗ್ಗೆ ಕಥೆಗಾರರಿಗೆ ಕೊಟ್ಟೆ. ಕಾರಿಡಾರಿನ ಬೆಂಚಿನ ಮೇಲೆ ಕೂತು ಓದಿದರು. ಓದಿ ಮುಗಿಸಿ ಮತ್ತೆ ಮೊದಲ ಪುಟಕ್ಕೆ ಹೋದರು. ಆಮೇಲೆ ಕೇಳಿದ ಮೊದಲ ಮಾತು ಇದು: "ಇದನ್ನ ಬೇರೆಯವರು ಓದೋದಕ್ಕೆ ನಿಮ್ಮಪ್ಪ ಒಪ್ಪಿದಾರಾ?"

ಬರೆಯುವವರಿಗೆ ಇನ್ನೊಬ್ಬರ ಮನೆಯ ಮಾತಿನ ಮೇಲೆ ಎಷ್ಟು ಹಕ್ಕಿದೆ ಎನ್ನುವುದನ್ನು ಹದಿನೈದು ವರ್ಷದ ಹುಡುಗಿಗೆ ಯಾರು ಹೇಳಿಕೊಡುತ್ತಾರೆ? ಅವರು ಹೇಳಿಕೊಟ್ಟರು. ಅಪ್ಪನನ್ನು ಕೇಳಿದೆ. "ಹೆಸ್ರು ಹಾಕ್ಬ್ಯಾಡ. ಮಿಕ್ಕಿದ್ದು ನಿಜಾನೇ ಅಲ್ವಾ, ಬರ್ಕೋ" ಎಂದರು. ಕಥೆ ಆ ವರ್ಷ ಇದೇ ಸಂಚಿಕೆಯಲ್ಲಿ ಅಚ್ಚಾಯಿತು. ಅಪ್ಪ ಅದನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದರು. ಅಪ್ಪ ಓದಿದ ನನ್ನ ಕಥೆ ಅದೊಂದೇ ಇರಬೇಕು.

ಕವಯಿತ್ರಿಯವರ ದಾರಿಯೇ ಬೇರೆ. ಅವರು ಒಂದು ಬಟ್ಟೆ ಚೀಲ ತರುತ್ತಿದ್ದರು. ಅದರ ತುಂಬ ಅವರ ಹೊಡೆದುಹಾಕಿದ ಹಾಳೆಗಳು. ಅಚ್ಚಾದ ಒಂದು ಕವಿತೆ ಓದಿ, ಅದೇ ಕವಿತೆಯ ಹಳೆಯ ಕರಡುಗಳನ್ನು ನಮ್ಮ ಕೈಗೆ ಕೊಡುತ್ತಿದ್ದರು. ಹದಿನಾರು ಸಾಲಿನ ಪದ್ಯಕ್ಕೆ ಅಷ್ಟೊಂದು ಹಾಳೆ! ಯಾವ ಸಾಲು ಯಾಕೆ ಹೋಯಿತು ಎಂದು ನಾವು ಊಹಿಸಬೇಕಿತ್ತು. ಕೆಲವು ಸಲ ಹುಡುಗರು, "ಮೇಡಂ, ಇದನ್ನ ಹೊಡೆದುಹಾಕಬಾರದಿತ್ತು" ಎಂದು ವಾದ ಮಾಡುತ್ತಿದ್ದರು. ಅವರು ಯೋಚಿಸಿ, "ಹೌದು ಕಣೋ, ಇದು ಇರಬೇಕಿತ್ತು" ಎಂದದ್ದೂ ಉಂಟು. ದೊಡ್ಡವರೊಬ್ಬರು ತಮ್ಮ ಕರಡನ್ನು ಮಕ್ಕಳ ಮುಂದೆ ಹೀಗೆ ಹರವುವುದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಇಡೀ ಕಮ್ಮಟದಲ್ಲಿ ಅತಿ ದೊಡ್ಡ ಪಾಠ ಅದೇ.

ನಮ್ಮ ಜೊತೆ ಒಬ್ಬ ಹುಡುಗನಿದ್ದ. ಬಾಯೇ ಬಿಡುತ್ತಿರಲಿಲ್ಲ. ಬರೆದೂ ಕಳಿಸಿರಲಿಲ್ಲ, ಮೇಷ್ಟ್ರು ಒತ್ತಾಯ ಮಾಡಿ ಸೇರಿಸಿದ್ದರು. ಅವನ ಅಪ್ಪನದು ಪಂಕ್ಚರ್ ಅಂಗಡಿ. ಕವಯಿತ್ರಿಯವರು ಅವನಿಗೆ, "ಪದ್ಯ ಬೇಡ. ಅಂಗಡಿಯಲ್ಲಿ ಏನೇನಿದೆ, ಪಟ್ಟಿ ಮಾಡು ಸಾಕು" ಎಂದರು. ಪಂಪು, ಸೊಲ್ಯೂಷನ್, ಹಳೇ ಟ್ಯೂಬಿನ ತುಂಡು, ಟ್ಯೂಬು ಮುಳುಗಿಸುವ ನೀರಿನ ಬಾಣಲಿ, ಆ ನೀರಿನಲ್ಲಿ ಏಳುವ ಗುಳ್ಳೆ, ಗುಳ್ಳೆ ನೋಡುವ ಅಪ್ಪ. ಅವನು ಅಷ್ಟು ಓದಿ ನಿಲ್ಲಿಸಿದ. ನಾವೆಲ್ಲ ಚಪ್ಪಾಳೆ ಹೊಡೆದೆವು. 'ಗುಳ್ಳೆ ನೋಡುವ ಅಪ್ಪ' ಎಂಬ ಸಾಲನ್ನು ಕವಯಿತ್ರಿಯವರು ಬೋರ್ಡಿನ ಮೇಲೆ ಬರೆದು, ಅದರ ಕೆಳಗೆ ಅವನ ಹೆಸರು ಹಾಕಿದರು.

ಕುವೆಂಪು ಅವರ ವಿಷಯವನ್ನು ಹೇಳಿದ್ದೂ ಅವರೇ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ, ಇನ್ನೂ ಇಪ್ಪತ್ತು ತುಂಬದ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದರು. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕಸಿನ್ಸ್ ಕೇಳಿದರು, ಕನ್ನಡದಲ್ಲಿ ಬರೆಯಿರಿ ಎಂದರು. ಆಮೇಲೆ ಮಹಾರಾಜಾ ಕಾಲೇಜಿನಲ್ಲಿ ಟಿ.ಎಸ್. ವೆಂಕಣ್ಣಯ್ಯನವರು ಅವರಿಗೆ ಗುರುವಾಗಿ ಸಿಕ್ಕರು. ಮುಂದೆ ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಅನ್ನು ಅರ್ಪಿಸಿದ್ದು ಅದೇ ಗುರುವಿಗೆ. ಅದೇ ಕಾಲೇಜಿನಲ್ಲಿ ಕುವೆಂಪು ಮೇಷ್ಟ್ರಾದಾಗ ಅವರ ಮುಂದೆ ಕೂತವರಲ್ಲಿ ಜಿ.ಎಸ್. ಶಿವರುದ್ರಪ್ಪ ಒಬ್ಬರು. "ಇವರೆಲ್ಲ ಒಬ್ಬರ ಹಾಳೆ ಒಬ್ಬರು ಓದಿಯೇ ಬೆಳೆದದ್ದು. ನಾವು ಇಲ್ಲಿ ಮಾಡ್ತಿರೋದೂ ಅದೇ" ಎಂದರು. ನಮ್ಮ ಜಿಲ್ಲೆಯವರ ಹೆಸರುಗಳನ್ನೂ ಹೇಳಿದರು. ಮೇಲುಕೋಟೆಯ ಪು.ತಿ.ನ., ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ. ತ್ರಿವೇಣಿ ಹುಟ್ಟಿದ್ದು ಮಂಡ್ಯದಲ್ಲೇ ಎಂದಾಗ ಹುಡುಗಿಯರೆಲ್ಲ ನೆಟ್ಟಗೆ ಕೂತೆವು. ನಾವು ಬೀರುವಿನಿಂದ ಸಾಲು ಹಚ್ಚಿ ತೆಗೆದುಕೊಂಡು ಓದುತ್ತಿದ್ದದ್ದು ಅವರ ಕಾದಂಬರಿಗಳನ್ನೇ.

ಕೊನೆಯ ದಿನ ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದರು. ಮಾನಸಗಂಗೋತ್ರಿ ನೋಡಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದು, ಮರದ ಕೆಳಗೆ ಬುತ್ತಿ ಬಿಚ್ಚಿ ವಾಪಸ್.

ಈಗ ನಾನು ಮಂಡ್ಯ ಕೋರ್ಟಿನಲ್ಲಿ ವಕೀಲೆ. ಆಗಾಗ ಕಥೆ ಬರೆಯುತ್ತೇನೆ. ಕಕ್ಷಿದಾರರು ಬಂದು 'ಅನ್ಯಾಯ ಆಗಿದೆ' ಎಂದರೆ ನನ್ನ ಬಾಯಿಗೆ ಇವತ್ತಿಗೂ ಅವೇ ಪ್ರಶ್ನೆಗಳು ಬರುತ್ತವೆ. ಯಾವ ತಿಂಗಳು, ಯಾರಿದ್ದರು, ಮನೆಯಲ್ಲಿ ಆಗ ಏನು ನಡೀತಿತ್ತು?

ಈಚೆಗೆ ಕೆಲವು ಕಡೆ ಮಕ್ಕಳ ಸಾಹಿತ್ಯ ಶಿಬಿರಗಳಿಗೆ ಹೋಗಿದ್ದೆ. ದೊಡ್ಡ ಸಭಾಂಗಣ, ನೂರಾರು ಮಕ್ಕಳು, ಉದ್ಘಾಟನೆಗೆ ಅರ್ಧ ದಿನ. ಸಾಹಿತಿಗಳು ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಯಾವ ಮಗುವಿನ ಹಾಳೆಯನ್ನೂ ಯಾರೂ ಓದುವುದಿಲ್ಲ. ಮಧ್ಯಾಹ್ನ ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ನನಗೆ ಅದು ನೋಡಿ ನಿಜಕ್ಕೂ ಸಂಕಟವಾಯಿತು. ಹದಿನೈದರ ವಯಸ್ಸಿನಲ್ಲಿ ಮಕ್ಕಳು ಬರೆದದ್ದನ್ನು ಬಚ್ಚಿಟ್ಟುಕೊಳ್ಳುತ್ತಾರೆ. ಅದನ್ನು ಈಚೆ ತೆಗೆದು ಒಬ್ಬ ಒಳ್ಳೆಯ ಬರಹಗಾರರ ಕೈಗೆ ಕೊಡುವಂತೆ ಮಾಡಬೇಕು. ಅದಕ್ಕೆ ಇಪ್ಪತ್ತು, ಇಪ್ಪತ್ತೈದು ಮಕ್ಕಳಿಗಿಂತ ಜಾಸ್ತಿ ಇರಬಾರದು.

ನಮ್ಮ ಶಾಲೆಯಲ್ಲಿ ಕಮ್ಮಟ ನಿಂತು ಬಹಳ ವರ್ಷವಾಯಿತು ಎಂದು ಮೇಡಂ ಹೇಳಿದರು. ಬರುವ ದಸರಾ ರಜೆಗೆ ಮತ್ತೆ ಶುರು ಮಾಡೋಣ. ನಮ್ಮ ಬ್ಯಾಚಿನವರ ಜೊತೆ ಮಾತಾಡಿದ್ದೇನೆ. ಊಟದ ಖರ್ಚು, ಮೈಸೂರಿಗೆ ಬಸ್ಸಿನ ಖರ್ಚು ನಾವು ನೋಡಿಕೊಳ್ಳುತ್ತೇವೆ. ಪಂಕ್ಚರ್ ಅಂಗಡಿಯ ಆ ಹುಡುಗ ಈಗ ಟೈರ್ ಅಂಗಡಿ ಇಟ್ಟಿದ್ದಾನೆ. ಮೊದಲು ದುಡ್ಡು ಕೊಟ್ಟವನು ಅವನೇ. ಒಂಬತ್ತು, ಹತ್ತನೇ ತರಗತಿಯ ಮಕ್ಕಳೇ, ಗಣೇಶ ಹಬ್ಬ ಮುಗಿಯುವ ಹೊತ್ತಿಗೆ ನಿಮ್ಮ ಹಾಳೆಗಳನ್ನು ಮೇಡಂ ಕೈಗೆ ಕೊಡಿ. ಒಂದು ಪುಟವಾದರೂ ಸರಿ. ಅಂಚಿನಲ್ಲಿ ಮಾತ್ರ ಸ್ವಲ್ಪ ಜಾಗ ಬಿಟ್ಟು ಬರೆಯಿರಿ.